ದೋಣಿಗಿಂತ ಮೊದಲು ನೀರು: ಒಬ್ಬರೇ ನಡೆಸುವ ಹಾಯಿದೋಣಿಯ ಆಯ್ಕೆ ಮತ್ತು ಕೆಲವು ತಪ್ಪು ಕಲ್ಪನೆಗಳು

ಪುಣೆಯ ಯೆರವಡಾ ಬಡಾವಣೆ ಮುಳಾ-ಮುಠಾ ನದಿಯ ಉತ್ತರ ದಂಡೆಯ ಮೇಲಿದೆ. ಎದುರು ದಡದ ಬಂಡ್ ಗಾರ್ಡನ್ ಬಳಿ, 19ನೇ ಶತಮಾನದ ನಡುಭಾಗದಲ್ಲಿ ಸರ್ ಜಮ್ಶೆಟ್‌ಜಿ ಜೀಜೀಭಾಯ್ ಅವರ ದೇಣಿಗೆಯಿಂದ ಕಟ್ಟಿದ ಒಡ್ಡು ನದಿಯನ್ನು ತಡೆಯುವುದರಿಂದ ಅದರ ಮೇಲ್ಭಾಗದಲ್ಲಿ ವರ್ಷದ ಬಹುಪಾಲು ನೀರು ನಿಂತಿರುತ್ತದೆ. ಈ ನಿಂತ ನೀರನ್ನು ಆಶ್ರಯಿಸಿಯೇ ರಾಯಲ್ ಕನಾಟ್ ಬೋಟ್ ಕ್ಲಬ್ ಬೆಳೆಯಿತು. ಇನ್ನಷ್ಟು ಮೇಲೆ, ಮುಳಾ ಮತ್ತು ಮುಠಾ ಕೂಡುವ ಸಂಗಮದ ಬಳಿಯ ಎಂಜಿನಿಯರಿಂಗ್ ಕಾಲೇಜು 1928ರಿಂದ ರೆಗಾಟಾ ಎಂಬ ದೋಣಿ ಉತ್ಸವವನ್ನು ನಡೆಸುತ್ತ ಬಂದಿದೆ. ಇಷ್ಟೆಲ್ಲ ಕಣ್ಣೆದುರಿಗಿರುವಾಗ, ಮನೆಯ ಹತ್ತಿರವೇ ನದಿಯಿದೆ, ನದಿಯಲ್ಲಿ ದೋಣಿಗಳ ಪರಂಪರೆಯೂ ಇದೆ, ಆದ್ದರಿಂದ ಸಣ್ಣದೊಂದು ಹಾಯಿದೋಣಿ ಕೊಂಡು ಇಲ್ಲಿಯೇ ಕಲಿಯಬಹುದು ಎಂಬ ಎಣಿಕೆ ಮೂಡುವುದು ಸಹಜ. ಹೊಸಬರ ತಪ್ಪು ಕಲ್ಪನೆಗಳಲ್ಲಿ ಮೊದಲನೆಯದೂ ಬಹುಶಃ ಅತ್ಯಂತ ದುಬಾರಿಯಾದದ್ದೂ ಇದೇ.

ಆ ಪರಂಪರೆ ಹುಟ್ಟು ಹಾಕುವ ದೋಣಿಗಳದು, ಹಾಯಿಯದಲ್ಲ. ರೋಯಿಂಗ್‌ಗೆ ಬೇಕಾದದ್ದು ಗಾಳಿಯಿಲ್ಲದ, ಅಲೆಯಿಲ್ಲದ, ಉದ್ದಕ್ಕೆ ಚಾಚಿದ ಕಿರಿದಾದ ನೀರು. ಹಾಯಿದೋಣಿಗೆ ಬೇಕಾದದ್ದು ಅದಕ್ಕೆ ಪೂರ್ತಿ ವಿರುದ್ಧವಾದದ್ದು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹಾಯಿದೋಣಿ ನೇರವಾಗಿ ಸಾಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವುಗತಿಯಲ್ಲಿ ಮೇಲೇರಬೇಕಾಗುತ್ತದೆ. ಗಾಳಿ ಹೋದತ್ತಲೇ ದೋಣಿ ಹೋಗುತ್ತದೆ, ಮರಳಿ ಬರಲಾಗದು ಎಂಬ ಹಳೆಯ ನಂಬಿಕೆ ಸುಳ್ಳಾಗುವುದು ಈ ಓರೆ ಓಟದಿಂದಲೇ. ಆದರೆ ಇದಕ್ಕೆ ಅಗಲವಾದ ನೀರು ಬೇಕು. ಯೆರವಡಾದ ಬಳಿ ನದಿ ಕಿರಿದು. ಇಕ್ಕೆಲದ ಮರಗಳೂ ಕಟ್ಟಡಗಳೂ ಗಾಳಿಯನ್ನು ಒಡೆದು ಚೂರು ಮಾಡುತ್ತವೆ. ಸುಮಾರು 6 ಮೀಟರ್ ಎತ್ತರದ ಹಾಯಿಕಂಬಕ್ಕೆ ಸೇತುವೆಗಳು ಅಡ್ಡಿಯಾಗುತ್ತವೆ. ಬೇಸಿಗೆಯಲ್ಲಿ ಸ್ಥಳೀಯರು ಜಲಪರ್ಣಿ ಎಂದು ಕರೆಯುವ ಅಂತರಗಂಗೆಯ ಕಳೆ ನೀರನ್ನು ಚಾಪೆಯಂತೆ ಮುಚ್ಚಿ, ದೋಣಿಯ ತಳದಲ್ಲಿ ಇಳಿಬಿಟ್ಟ ಹಲಗೆಗೂ ಚುಕ್ಕಾಣಿಗೂ ಸುತ್ತಿಕೊಳ್ಳುತ್ತದೆ. ನಗರದ ಕೊಳಚೆ ಸೇರುವ ಈ ನೀರಿನಲ್ಲಿ ಮಗುಚಿ ಬೀಳುವುದು ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದಲ್ಲ, ಮತ್ತು ಕಲಿಯುವವರು ಮಗುಚಿ ಬೀಳದೆ ಇರುವುದಿಲ್ಲ.

ಪುಣೆಯ ಸುತ್ತ ಹಾಯಿಗೆ ಒಗ್ಗುವ ನೀರು ಅಣೆಕಟ್ಟುಗಳ ಹಿಂದೆ ಇದೆ. ಯೆರವಡಾದಿಂದ ಸುಮಾರು 25 ಕಿಲೋಮೀಟರ್ ದೂರದ ಖಡಕ್‌ವಾಸ್ಲಾ ಜಲಾಶಯದ ದಡದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ಹಾಯಿದೋಣಿ ನಡೆಸಲು ಕಲಿಯುತ್ತಾರೆ. ಆದರೆ ಅದು ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯ, ಅದರ ಒಂದು ಭಾಗ ಸೇನೆಯ ವಶದಲ್ಲಿದೆ; ಸ್ವಂತ ದೋಣಿಯಿದೆ ಎಂದ ಮಾತ್ರಕ್ಕೆ ಯಾರೂ ಅಲ್ಲಿ ಇಳಿಸುವಂತಿಲ್ಲ. ಆದ್ದರಿಂದ ಯಾವ ದೋಣಿ ಎಂಬ ಪ್ರಶ್ನೆಗಿಂತ ಮೊದಲು ಯಾವ ನೀರು, ಯಾರ ಅನುಮತಿ, ಯಾವ ಕ್ಲಬ್ ಎಂಬ ಪ್ರಶ್ನೆಗಳು ತೀರ್ಮಾನವಾಗಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದವರ ದೋಣಿಗಳು ಸಾಮಾನ್ಯವಾಗಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಧೂಳು ತಿನ್ನುತ್ತವೆ.

ಗಾಳಿಯ ಕುರಿತೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಗಾಳಿ ಹೆಚ್ಚಿದಷ್ಟೂ ಕಲಿಕೆ ಚೆನ್ನ, ಆದ್ದರಿಂದ ಮಳೆಗಾಲವೇ ತಕ್ಕ ಕಾಲ ಎಂಬುದು. ಹಾಯಿಯ ಮೇಲೆ ಬೀಳುವ ಒತ್ತಡ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ 8 ನಾಟ್ ಗಾಳಿ 16 ನಾಟ್ ಆದಾಗ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಇದಲ್ಲದೆ, ಬೆಟ್ಟಗಳ ನಡುವಿನ ಜಲಾಶಯಗಳಲ್ಲಿ ಗಾಳಿ ಸಮನಾಗಿ ಬೀಸದೆ, ಕಣಿವೆಯಿಂದ ನುಗ್ಗಿ ಬಂದು, ಕ್ಷಣದಲ್ಲಿ ದಿಕ್ಕು ಬದಲಿಸಿ, ಮರುಕ್ಷಣ ಸತ್ತುಹೋಗುತ್ತದೆ. ಮೊದಲ ಕಲಿಕೆಗೆ 5ರಿಂದ 10 ನಾಟ್ ಗಾಳಿ ಧಾರಾಳವಾಗಿ ಸಾಕು.

ಇನ್ನು ದೋಣಿಯ ವಿಷಯ. ಡಿಂಗಿ ಎಂದರೆ ತಳದಲ್ಲಿ ಭಾರದ ಕೀಲ್ ಇಲ್ಲದ ಸಣ್ಣ ಹಾಯಿದೋಣಿ. ಗಾಳಿ ಏರಿದಾಗ ಅದನ್ನು ನೆಟ್ಟಗೆ ಹಿಡಿಯುವುದು ಬಹುಮಟ್ಟಿಗೆ ನಡೆಸುವವರ ಮೈತೂಕ, ಆ ತೂಕವನ್ನು ಅವರು ಅಂಚಿನಿಂದ ಎಷ್ಟು ಹೊರಕ್ಕೆ ಚಾಚಬಲ್ಲರು ಎಂಬುದು. ಸಣ್ಣದಾದಷ್ಟೂ ಸುಲಭ ಎಂಬ ನಂಬಿಕೆ ಇಲ್ಲಿ ಎಡವುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ 1947ರಲ್ಲಿ ರೂಪಿಸಿದ ಆಪ್ಟಿಮಿಸ್ಟ್ ದೋಣಿ ಸುಮಾರು 2.3 ಮೀಟರ್ ಉದ್ದದ್ದು, 35 ಕಿಲೋ ತೂಕದ್ದು; ಪೆಟ್ಟಿಗೆಯಂಥ ಚಪ್ಪಟೆ ತಳದಿಂದಾಗಿ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮೊದಲ ದೋಣಿ ಸಿಗುವುದು ಕಷ್ಟ, ಅದರ ಸ್ಪರ್ಧೆಗಳೂ 15 ವರ್ಷದವರೆಗಿನವರಿಗೆ ಮೀಸಲು. ಅದೇ ದೋಣಿಯಲ್ಲಿ 70 ಕಿಲೋ ತೂಕದ ವಯಸ್ಕರು ಕುಳಿತರೆ ಹಿಂಭಾಗ ನೀರಿಗೆ ಇಳಿದು, ಮೂತಿ ಮೇಲೆದ್ದು, ಚುಕ್ಕಾಣಿ ತಿರುಗಿಸಿದರೂ ದೋಣಿ ತಿರುಗದಂತಾಗುತ್ತದೆ. ವಯಸ್ಕರಿಗೆ ಸುಲಭವಾಗಿ ಒದಗುವುದು ಸುಮಾರು 3.5ರಿಂದ 4.2 ಮೀಟರ್ ಉದ್ದದ ದೋಣಿ.

ಈ ಗಾತ್ರದಲ್ಲಿ ಭಾರತದ ಕ್ಲಬ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಲೇಸರ್. ಕೆನಡಾದ ಬ್ರೂಸ್ ಕಿರ್ಬಿ 1969ರಲ್ಲಿ ಇದರ ಮೊದಲ ಚಿತ್ರ ಬರೆದರು. ಈಚಿನ ವರ್ಷಗಳಲ್ಲಿ ಇದನ್ನು ಐಎಲ್‌ಸಿಎ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಉದ್ದ ಸುಮಾರು 4.2 ಮೀಟರ್, ಬರಿಯ ದೋಣಿಯ ತೂಕ ಸುಮಾರು 59 ಕಿಲೋ. ಇದರ ಸುತ್ತ ಪರಸ್ಪರ ವಿರುದ್ಧವಾದ ಎರಡು ನಂಬಿಕೆಗಳಿವೆ: ಒಲಿಂಪಿಕ್ಸ್‌ನ ದೋಣಿಯಾದ್ದರಿಂದ ಹೊಸಬರಿಗೆ ಸಲ್ಲದು ಎಂಬುದು ಒಂದು, ಒಲಿಂಪಿಕ್ಸ್‌ನ ದೋಣಿಯಾದ್ದರಿಂದ ಇದಕ್ಕಿಂತ ಉತ್ತಮವಾದದ್ದಿಲ್ಲ ಎಂಬುದು ಇನ್ನೊಂದು. 1996ರಿಂದ ಇದು ಒಲಿಂಪಿಕ್ಸ್‌ನಲ್ಲಿರುವುದು ನಿಜ. ಆದರೆ ಇದರಲ್ಲಿರುವುದು ಒಂದೇ ಹಾಯಿ, ಬೆರಳೆಣಿಕೆಯ ಹಗ್ಗಗಳು. ಹತ್ತಿಪ್ಪತ್ತು ನಿಮಿಷದಲ್ಲಿ ಜೋಡಿಸಿ ನೀರಿಗೆ ಇಳಿಸಬಹುದು. ಎರಡನೆಯ ನಂಬಿಕೆಯಲ್ಲಿ ಹೊಗಳಿಕೆ ಹೆಚ್ಚಾಯಿತು. ಹಾಯಿಯ ಕೆಳ ಅಂಚನ್ನು ಹಿಡಿಯುವ ಬೂಮ್ ಎಂಬ ಅಡ್ಡಕೋಲು ಇದರಲ್ಲಿ ಬಹಳ ತಗ್ಗಿನಲ್ಲಿದ್ದು, ದಿಕ್ಕು ಬದಲಿಸುವಾಗ ಬಗ್ಗದವರ ತಲೆಗೆ ಬಡಿಯುತ್ತದೆ. ಹಾಯಿಯನ್ನು ಹತೋಟಿಯಲ್ಲಿಡುವ ಹಗ್ಗ, ಗಾಳಿಯನ್ನು ಬೆನ್ನಿಗಿಟ್ಟು ತಿರುಗುವಾಗ, ದೋಣಿಯ ಹಿಂಬದಿಯ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಗಾಳಿ ನೇರವಾಗಿ ಹಿಂದಿನಿಂದ ಬಂದಾಗ ದೋಣಿ ಅತ್ತಿತ್ತ ಹೊಯ್ದಾಡಿ, ಹೊಯ್ದಾಟ ಹೆಚ್ಚುತ್ತ ಹೋಗಿ, ಕಡೆಗೆ ಗಾಳಿ ಬರುವ ಬದಿಗೇ ಮಗುಚುತ್ತದೆ. ಇದನ್ನೆಲ್ಲ ಮೊದಲೇ ಹೇಳದೆ ಲೇಸರ್ ಮಾರುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ.

ಇದರ ನಿಜವಾದ ಅನುಕೂಲ ಬೇರೆಡೆ ಇದೆ. ದೊಡ್ಡ ಹಾಯಿಯೇ ಮೇಲು, ಪೂರ್ತಿ ಹಾಯಿ ಬಿಚ್ಚಿದರೆ ವೇಗ ಹೆಚ್ಚು ಎಂದು ಭಾವಿಸುವವರು ಮರೆಯುವುದು ತಮ್ಮ ತೂಕವನ್ನು. ಐಎಲ್‌ಸಿಎಯಲ್ಲಿ ದೋಣಿ ಒಂದೇ, ಹಾಯಿ ಮೂರು: 4.7, 5.76 ಮತ್ತು 7.06 ಚದರ ಮೀಟರ್. ಹಾಯಿಕಂಬ ಎರಡು ತುಂಡಿನದು. ಮೇಲಿನ ತುಂಡು ಮೂರಕ್ಕೂ ಅದೇ, ಕೆಳಗಿನ ತುಂಡನ್ನೂ ಹಾಯಿಯನ್ನೂ ಬದಲಿಸಿದರೆ ಸಾಕು. ಸ್ಥೂಲವಾಗಿ ಹೇಳುವುದಾದರೆ 60 ಕಿಲೋಗಿಂತ ಕಡಿಮೆ ತೂಕದವರಿಗೆ ಚಿಕ್ಕದು, 60ರಿಂದ 75ರ ನಡುವಿನವರಿಗೆ ಮಧ್ಯದ್ದು, ಅದಕ್ಕಿಂತ ಮೇಲಿನವರಿಗೆ ದೊಡ್ಡದು ಹೊಂದುತ್ತದೆ. ಕಲಿಕೆಯ ಮೊದಲ ದಿನಗಳಲ್ಲಿ ಎಲ್ಲರೂ ಒಂದು ಮೆಟ್ಟಿಲು ಕೆಳಗಿನದನ್ನು ಬಳಸುವುದು ವಿವೇಕ. ಚಿಕ್ಕ ಹಾಯಿ ಅವಮಾನವಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಚಿಕ್ಕ ಹಾಯಿಯ ಐಎಲ್‌ಸಿಎ 4ರಲ್ಲಿ, ವಿಷ್ಣು ಸರವಣನ್ ಕಂಚು ಗೆದ್ದದ್ದು ದೊಡ್ಡ ಹಾಯಿಯ ಐಎಲ್‌ಸಿಎ 7ರಲ್ಲಿ. ಇಬ್ಬರ ದೋಣಿಯ ಮೈಯೂ ಒಂದೇ.

ಎಲ್ಲ ದೋಣಿಗಳನ್ನೂ ಒಂದೇ ಅಳತೆಯಲ್ಲಿ ಕಟ್ಟುವ ಈ ಪದ್ಧತಿಗೆ ಇನ್ನೊಂದು ಲಾಭವಿದೆ. ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬದವರು ರಜೆಗೆ ಊರಿಗೆ ಬಂದಾಗ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತ್ರಿಷ್ಣಾ ಸೇಲಿಂಗ್ ಕ್ಲಬ್‌ನವರು ನಡೆಸುವ ಇದೇ ದೋಣಿಯನ್ನು ನೋಡಬಹುದು; ಹೈದರಾಬಾದಿನ ಹುಸೇನ್ ಸಾಗರದಲ್ಲೂ ಮುಂಬೈ ಬಂದರಿನ ಕ್ಲಬ್‌ಗಳಲ್ಲೂ ಇದೇ ದೋಣಿ ಕಾಣುತ್ತದೆ. ಒಂದೆಡೆ ಕಲಿತದ್ದು ಇನ್ನೊಂದೆಡೆ ಹಾಗೆಯೇ ನಡೆಯುತ್ತದೆ. ಬಿಡಿಭಾಗಗಳೂ ಹಳೆಯ ಹಾಯಿಗಳೂ ಕೈಬದಲಾಗುವುದು ಇಂಥ ಕ್ಲಬ್‌ಗಳಲ್ಲೇ. ಇನ್ಯಾರೂ ನಡೆಸದ ಅಪರೂಪದ ದೋಣಿಯನ್ನು ಎಷ್ಟೇ ಅಗ್ಗಕ್ಕೆ ಕೊಂಡರೂ, ಚುಕ್ಕಾಣಿಯ ಒಂದು ಪಿನ್ ಮುರಿದ ದಿನ ಅದು ದಡ ಸೇರುತ್ತದೆ.

ಮಗುಚಿದ ದೋಣಿ ಮುಳುಗುತ್ತದೆ ಎಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ. ಈಗಿನ ಡಿಂಗಿಗಳ ಮೈಯೊಳಗೆ ಮುಚ್ಚಿದ ಗಾಳಿಯ ಪೊಳ್ಳು ಅಥವಾ ಫೋಮ್ ಇರುವುದರಿಂದ ಅವು ಮಗುಚಿದರೂ ತೇಲುತ್ತವೆ, ಹಿಂಬದಿಯ ಬಿರಡೆ ಹಾಕಲು ಮರೆಯದಿದ್ದರೆ ಮಾತ್ರ. ನೀರಿಗೆ ಬಿದ್ದವರು ತಳದಿಂದ ಹೊರಚಾಚಿದ ಹಲಗೆಯನ್ನು ಹಿಡಿದು, ಅದರ ಮೇಲೆ ತೂಕ ಬಿಟ್ಟರೆ ದೋಣಿ ಮತ್ತೆ ಎದ್ದು ನಿಲ್ಲುತ್ತದೆ. ಈಜು ಬರುತ್ತದೆ, ಜಾಕೆಟ್ ಬೇಡ ಎಂಬ ಮಾತು ಮಾತ್ರ ನಿಜಕ್ಕೂ ಅಪಾಯದ್ದು. ಈಜುಗಾರರಿಗಾಗಿ ಮಾಡಿದ ತೇಲುವ ಜಾಕೆಟ್ 50 ನ್ಯೂಟನ್‌ನಷ್ಟು ಎತ್ತುವ ಬಲ ಕೊಟ್ಟು ಕೈಕಾಲು ಆಡಿಸಲು ಅನುವು ಮಾಡುತ್ತದೆ, ಆದರೆ ಬೂಮ್‌ನ ಪೆಟ್ಟಿಗೆ ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಹಾಗಾಗಿ, ಒಬ್ಬರೇ ನಡೆಸುವ ದೋಣಿ ಎಂದರೆ ಒಬ್ಬರೇ ನೀರಿಗೆ ಇಳಿಯಬಹುದು ಎಂದಲ್ಲ; ಕಣ್ಣಳತೆಯಲ್ಲಿ ಒಂದು ರಕ್ಷಣಾ ಬೋಟ್, ಕಡೇಪಕ್ಷ ಇನ್ನೊಂದು ಹಾಯಿದೋಣಿ ಇರಲೇಬೇಕು.

ಹಳೆಯ ದೋಣಿ ಕೊಳ್ಳುವುದು ಮೋಸ ಹೋಗುವುದಕ್ಕೆ ಸಮ ಎಂಬುದೂ ಪೂರ್ತಿ ನಿಜವಲ್ಲ. ಫೈಬರ್‌ಗ್ಲಾಸಿನ ದೋಣಿ ಜೋಪಾನವಾಗಿದ್ದರೆ ದಶಕಗಳ ಕಾಲ ಬಾಳುತ್ತದೆ, ಹೊಸಬರ ಕೈಯಲ್ಲಿ ಗೀರು ಬಿದ್ದರೂ ದುಃಖವಾಗುವುದಿಲ್ಲ. ಪಾಲಿಥೀನಿನ ದೋಣಿಗಳು ಗುದ್ದು ತಾಳುತ್ತವೆ, ಆದರೆ ಭಾರ ಹೆಚ್ಚು, ಬಿಸಿಲಿನಲ್ಲಿ ತಪ್ಪಾಗಿ ಆನಿಸಿಟ್ಟರೆ ಬಾಗುತ್ತವೆ. ಹಳೆಯ ಲೇಸರ್ ನೋಡಲು ಹೋದವರು ಬಣ್ಣ, ಹೊಳಪು ಬಿಟ್ಟು ಮೊದಲು ಡೆಕ್ಕನ್ನು ಅಂಗೈಯಿಂದ ಒತ್ತಿ ಮೆತ್ತಗಿದೆಯೇ ಎಂದು ನೋಡಬೇಕು. ಆಮೇಲೆ ಹಾಯಿಕಂಬ ಕೂರುವ ಕುಳಿಗೆ ಅಂಚಿನ ತನಕ ನೀರು ತುಂಬಿ ಅರ್ಧ ಗಂಟೆ ಬಿಡಬೇಕು. ಹಾಯಿಯ ಒತ್ತಡವೆಲ್ಲ ಬಂದು ಸೇರುವುದು ಆ ಕುಳಿಗೆ, ಅದು ಬಿರುಕು ಬಿಟ್ಟರೆ ಕಂಬ ಡೆಕ್ಕನ್ನೇ ಸೀಳಿಕೊಂಡು ಹೊರಬರುತ್ತದೆ. ಕುಳಿಯ ನೀರು ಒಂದು ಬೆರಳಿನಷ್ಟು ಇಳಿದರೂ ಆ ದೋಣಿಯನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ಹೊಸಬರು ಕೊಳ್ಳಬಾರದು.