ಪೆಟ್ಟಿಗೆ ಚೆನ್ನಾಗಿದೆ, ಡ್ರೈವರ್ ಇಲ್ಲ

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಎಂದು ಕೇಳುತ್ತಾರೆ. ಮನೆಯಲ್ಲಿರುವ ಹಳೆಯ ಆಡಿಯೊ ಇಂಟರ್‌ಫೇಸ್ ಅದರ ಜೊತೆ ಕೆಲಸ ಮಾಡುತ್ತದೆಯೇ ಎಂದು ಕೇಳುವವರು ಕಡಿಮೆ. ಬೇಗಂಪೇಟೆಯಲ್ಲಿ ಮೆಟ್ರೊ ಹತ್ತಿ ಮೂರನೇ ನಿಲ್ದಾಣ ಪ್ಯಾರಡೈಸ್‌ನಲ್ಲಿ ಇಳಿದರೆ ಸಿಕಂದರಾಬಾದಿನ ಕಂಪ್ಯೂಟರ್ ಪೇಟೆ ಸಿಟಿಸಿ ಹತ್ತಿರವೇ ಇದೆ. ಅಲ್ಲಿ ಬೇಕಾದ ಕೇಬಲ್ ಸಿಗುತ್ತದೆ. ಆದರೆ ಕಂಪನಿಯೇ ಬರೆಯದೆ ಬಿಟ್ಟ ಡ್ರೈವರ್ ಎಲ್ಲಿಯೂ ಸಿಗುವುದಿಲ್ಲ.

ನಮ್ಮ ಬಡಾವಣೆಯಲ್ಲಿ ರಾಯಚೂರು ಕಡೆಯ ಸಂಗೀತ ಮಾಸ್ತರರೊಬ್ಬರಿದ್ದಾರೆ. ಊರಿಗೆ ಹೋದಾಗಲೆಲ್ಲ ತತ್ವಪದ ಹಾಡುವ ಹಿರಿಯರನ್ನು ಕೂರಿಸಿ ಧ್ವನಿಮುದ್ರಿಸುತ್ತಾರೆ. ಮುಂದೆ ಹಾಡುವವರು, ಹಿಮ್ಮೇಳದವರು, ಏಕತಾರಿ, ತಾಳ ಎಲ್ಲಕ್ಕೂ ಬೇರೆ ಬೇರೆ ಮೈಕ್ ಬೇಕು. ಅದಕ್ಕಾಗಿ ಎಂಟು ಮೈಕ್ ಜೋಡಿಸಬಲ್ಲ ಹಳೆಯ ಫೈರ್‌ವೈರ್ ಪೆಟ್ಟಿಗೆ ಇಟ್ಟುಕೊಂಡಿದ್ದರು. ಇಂಟೆಲ್ ಮ್ಯಾಕ್ ಹಳತಾಯಿತೆಂದು ಮಗ ಎಂ1 ಮ್ಯಾಕ್ ಕೊಡಿಸಿದ. ಪೆಟ್ಟಿಗೆಯ ದೀಪ ಹತ್ತಿತು, ದನಿ ಬರಲಿಲ್ಲ. ‘ಪೆಟ್ಟಿಗಿ ಕೆಟ್ಟಿಲ್ಲ, ಮಷಿನ್ ಹೊಸಾದು. ಮತ್ತ ತಪ್ಪು ಯಾರದಪಾ?’ ಎಂದು ನನ್ನನ್ನು ಕೇಳಿದರು.

ಪ್ರೊಸೆಸರ್ ಬದಲಾದಾಗಲೆಲ್ಲ ಹೀಗಾಗುವುದಿಲ್ಲ. ಐ3ಯಿಂದ ಐ7ಗೆ, ಇಂಟೆಲ್‌ನಿಂದ ಎಎಂಡಿಗೆ ಹೋದರೆ ಸೂಚನೆಗಳ ಭಾಷೆ ಒಂದೇ. ಆಪರೇಟಿಂಗ್ ಸಿಸ್ಟಂ ಬದಲಾಗದಿದ್ದರೆ ಹಳೆಯ ಡ್ರೈವರ್ ಸಾಮಾನ್ಯವಾಗಿ ನಡೆಯುತ್ತದೆ. ತೊಡಕು ಬರುವುದು ಆ ಭಾಷೆಯೇ ಬದಲಾದಾಗ. 2020ರ ಜೂನ್‌ನಲ್ಲಿ ಆಪಲ್ ತಾನು ಇಂಟೆಲ್ ಬಿಟ್ಟು ಆರ್ಮ್ ಮಾದರಿಯ ಸ್ವಂತ ಚಿಪ್‌ಗೆ ಹೋಗುವುದಾಗಿ ಹೇಳಿತು. ಅದೇ ನವೆಂಬರ್‌ನಲ್ಲಿ ಎಂ1 ಬಂತು. ಹಳೆಯ ಆ್ಯಪ್‌ಗಳಿಗಾಗಿ ರೊಸೆಟಾ 2 ಎಂಬ ದುಭಾಷಿಯನ್ನೂ ಕೊಟ್ಟಿತು. ಈ ದುಭಾಷಿಗೆ ಪಡಸಾಲೆಯವರೆಗೆ ಮಾತ್ರ ಪ್ರವೇಶ. ಆ್ಯಪ್‌ಗಳು ಇರುವುದು ಅಲ್ಲಿ. ಹಳೆಯ ಡ್ರೈವರ್‌ಗಳು ಇರುವುದು ಒಳಮನೆಯಲ್ಲಿ, ಅಂದರೆ ಕರ್ನಲ್‌ನಲ್ಲಿ. ಅಲ್ಲಿಯ ಕೋಡನ್ನು ರೊಸೆಟಾ ಅನುವಾದಿಸುವುದಿಲ್ಲ. ಕಂಪನಿಯೇ ಹೊಸ ಚಿಪ್‌ಗೆಂದು ಡ್ರೈವರನ್ನು ಮತ್ತೆ ಸಿದ್ಧಪಡಿಸಬೇಕು. ಮಾಸ್ತರರ ಪೆಟ್ಟಿಗೆಯ ತಯಾರಕರು ಅದನ್ನು ಮಾಡಲಿಲ್ಲ.

ವಿಂಡೋಸ್‌ನಲ್ಲೂ ಇದೇ ಕಥೆ. 32 ಬಿಟ್‌ನಿಂದ 64 ಬಿಟ್‌ಗೆ ಬಂದಾಗ ಹಳೆಯ ಆ್ಯಪ್‌ಗಳು ಉಳಿದವು, 32 ಬಿಟ್ ಡ್ರೈವರ್‌ಗಳು ನಿಂತವು. 2024ರಲ್ಲಿ ಬಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳಲ್ಲೂ ಇಂಟೆಲ್‌ಗೆಂದು ಬರೆದ ಆ್ಯಪ್ ಓಡಬಹುದು, ಡ್ರೈವರ್ ಮಾತ್ರ ಆರ್ಮ್‌ಗೇ ಸಿದ್ಧವಾಗಿರಬೇಕು. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳ ಮೂಲ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಹೊಸ ಚಿಪ್‌ಗೆ ಅದನ್ನು ಮತ್ತೆ ಕಂಪೈಲ್ ಮಾಡಬಹುದು. ತಯಾರಕರು ಕೈಬಿಟ್ಟ ಉಪಕರಣವೂ ಎಷ್ಟೋ ಸಲ ಉಳಿದುಕೊಳ್ಳುತ್ತದೆ.

ಸೋಜಿಗವೆಂದರೆ, ಮಾಸ್ತರರ ಬಳಿಯಿದ್ದ ಎರಡು ಮೈಕಿನ ಅಗ್ಗದ ಯುಎಸ್‌ಬಿ ಪೆಟ್ಟಿಗೆ ಹೊಸ ಮ್ಯಾಕ್‌ನಲ್ಲಿ ಚುಚ್ಚಿದ ಕೂಡಲೇ ಕೆಲಸ ಮಾಡಿತು. 1998ರಲ್ಲಿ ರೂಪುಗೊಂಡ ಯುಎಸ್‌ಬಿ ಆಡಿಯೊ ಕ್ಲಾಸ್ ಎಂಬ ಮಾನದಂಡವನ್ನು ಅದು ಪಾಲಿಸುತ್ತದೆ. ಅಂಥ ಉಪಕರಣಗಳಿಗೆ ಬೇಕಾದ ಡ್ರೈವರ್ ಆಪರೇಟಿಂಗ್ ಸಿಸ್ಟಂನೊಳಗೇ ಇರುತ್ತದೆ. ಚಿಪ್ ಬದಲಾದರೆ ಅದನ್ನು ಹೊಂದಿಸುವ ಹೊಣೆ ಆಪಲ್, ಮೈಕ್ರೊಸಾಫ್ಟ್‌ನದು. ಆದರೆ ಐದಾರು ಜನ ಕೂಡಿ ಹಾಡುವ ಭಜನೆಗೆ ಎರಡು ಮೈಕ್ ಸಾಲದು.

ಹಾಗಾಗಿ ಹಳೆಯ ಇಂಟೆಲ್ ಮ್ಯಾಕನ್ನು ಮಾರಬೇಡಿ ಎಂದೆ. ಅದರ ಸಿಸ್ಟಂ ಅಪ್‌ಡೇಟ್ ನಿಲ್ಲಿಸಿ, ಇಂಟರ್ನೆಟ್ ತಪ್ಪಿಸಿ, ಧ್ವನಿಮುದ್ರಣಕ್ಕೆ ಮಾತ್ರ ಇಟ್ಟೆವು. 2025ರ ಮ್ಯಾಕ್‌ಒಎಸ್ 26ರಲ್ಲಿ ಆಪಲ್ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿರುವುದರಿಂದ ಈ ದಾರಿಯೇ ಸರಿ. ಮುದ್ರಿಸಿದ ಪ್ರತಿ ಮೈಕಿನ ದನಿಯನ್ನೂ ಬೇರೆ ಬೇರೆ ವೇವ್ ಫೈಲ್ ಮಾಡಿ ಹೊಸ ಮ್ಯಾಕ್‌ಗೆ ಸಾಗಿಸುತ್ತೇವೆ. ವೇವ್ ಫೈಲ್‌ಗೆ ಪ್ರೊಸೆಸರ್ ಯಾವುದಾದರೂ ಒಂದೇ. ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲನ್ನಷ್ಟೇ ಉಳಿಸಿಕೊಂಡವರಿಗೆ ಆ ಭರವಸೆಯಿಲ್ಲ.

ಹೊಸ ಕಂಪ್ಯೂಟರಿಗೆ ಹಣ ಕಟ್ಟುವ ಮೊದಲು ಮೂರು ಸಂಗತಿ ನೋಡಿ: ನಿಮ್ಮ ಉಪಕರಣ ಪ್ರತ್ಯೇಕ ಡ್ರೈವರ್ ಕೇಳುತ್ತದೆಯೇ; ಕೇಳಿದರೆ ಹೊಸ ಚಿಪ್‌ಗೂ ಹೊಸ ಸಿಸ್ಟಂಗೂ ಅದು ಸಿದ್ಧವಿದೆಯೇ; ಇಲ್ಲವಾದರೆ ಹಳೆಯ ಯಂತ್ರವನ್ನು ಉಳಿಸಿಕೊಳ್ಳಲು ಮನೆಯಲ್ಲಿ ಜಾಗವಿದೆಯೇ. ಹೊಸ ಇಂಟರ್‌ಫೇಸನ್ನೇ ಕೊಳ್ಳುವುದಾದರೆ ‘ಕ್ಲಾಸ್ ಕಂಪ್ಲಯಂಟ್’ ಹೌದೇ ಎಂದು ಅಂಗಡಿಯವರನ್ನು ಕೇಳಿ. ಹತ್ತು ವರ್ಷದ ನಂತರ ಚಿಪ್ ಮತ್ತೊಮ್ಮೆ ಬದಲಾದರೂ ಆ ಪೆಟ್ಟಿಗೆ ಮಾತನಾಡುವ ಸಾಧ್ಯತೆ ಹೆಚ್ಚು.