ಶ್ವಾನಕ್ಕೂ ಒಂದು ನಿವೃತ್ತಿ

ಸರ್ಕಾರಿ ನೌಕರನ ನಿವೃತ್ತಿಯ ದಿನ ಅವನು ಕೆಲಸಕ್ಕೆ ಸೇರಿದಂದೇ ಗೊತ್ತಾಗಿಬಿಡುತ್ತದೆ. ಪ್ರದರ್ಶನಗಳಲ್ಲಿ ಸ್ಪರ್ಧಿಸುವ ನಾಯಿಗೆ ಅಂಥ ಸೇವಾಪುಸ್ತಕವಿಲ್ಲ. ಅದರ ಪರವಾಗಿ ತೀರ್ಮಾನಿಸಬೇಕಾದವನು ಯಜಮಾನ. ಪದಕದ ಆಸೆಯುಳ್ಳವನೂ ಅವನೇ. ತೊಡಕಿರುವುದು ಇಲ್ಲಿಯೇ.

ಹರಿಹರದ ನಮ್ಮ ಮನೆಯಲ್ಲಿ ಒಂದು ಮುಧೋಳ ಹೆಣ್ಣುನಾಯಿ ಇತ್ತು. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆಯಿಂದ ಹೆಸರಾದ ಈ ತಳಿ 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡಿತು. ತೆಳ್ಳನೆಯ ಒಡಲು, ಆಳವಾದ ಎದೆ, ನೀಳವಾದ ಕಾಲು; ಓಟಕ್ಕೆಂದೇ ಹುಟ್ಟಿದ ಪ್ರಾಣಿ. ಪ್ರದರ್ಶನದಲ್ಲಿ ತೀರ್ಪುಗಾರರು ಹಲ್ಲು, ಮೈಕಟ್ಟು, ನಿಲುವುಗಳನ್ನು ಪರೀಕ್ಷಿಸುವುದಲ್ಲದೆ ನಾಯಿಯನ್ನು ನಡೆಸಿ, ಓಡಿಸಿ ನೋಡುತ್ತಾರೆ. ಮುಪ್ಪು ಮೊದಲು ಬಯಲಾಗುವುದು ಆ ನಡಿಗೆಯಲ್ಲಿ.

ಎಂಟು ತುಂಬಿದ ನಾಯಿಗಳಿಗೆ ಅಂತರರಾಷ್ಟ್ರೀಯ ನಿಯಮಗಳಲ್ಲಿ ಹಿರಿಯರ ವರ್ಗವೇ ಉಂಟು. ಅದನ್ನೇ ನಾನು ನೆಪಮಾಡಿಕೊಂಡೆ. ನೆರೆಯವರೊಬ್ಬರು ದಾವಣಗೆರೆ ಪೊಲೀಸ್ ಶ್ವಾನದಳದ ತುಂಗಾಳನ್ನು ನೆನಪಿಸಿದರು. 2020ರ ಜುಲೈನಲ್ಲಿ, ಹತ್ತರ ಆಸುಪಾಸಿನಲ್ಲಿದ್ದ ಆ ಡಾಬರ್‌ಮನ್ ನಾಯಿ ಕೊಲೆಯೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರು ಓಡಿ, ಆರೋಪಿಯ ಪತ್ತೆಗೆ ದಾರಿ ತೋರಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. "ಅದು ಓಡಲಿಲ್ಲವೇ, ನಿಮ್ಮದೇಕೆ ಓಡಬಾರದು?" ಎಂದರು. ಆ ಮಾತು ನನಗೆ ಹಿತವಾಯಿತು.

ಆದರೆ ತುಂಗಾಳಿಂದ ಕಲಿಯಬೇಕಾಗಿದ್ದ ಪಾಠ ಬೇರೆ. ಹತ್ತರಲ್ಲಿ ಓಡುವ ನಾಯಿ ಇರುವಂತೆ ಏಳರಲ್ಲೇ ಬಳಲುವ ನಾಯಿಯೂ ಉಂಟು. ನೋಡಬೇಕಾದದ್ದು ಪಂಚಾಂಗವನ್ನಲ್ಲ, ನಾಯಿಯನ್ನು. ತುಂಗಭದ್ರೆಯ ದಂಡೆಯ ಮೇಲೆ ದಿನವೂ ಜೊತೆಗೆ ನಡೆದರೂ ನಾನು ನೋಡಿರಲಿಲ್ಲ. ಏಳುವಾಗ ಹಿಂಗಾಲು ಸೆಟೆದುಕೊಳ್ಳುತ್ತಿತ್ತು, ಚಳಿಯೆಂದುಕೊಂಡೆ. ನೆಲಕ್ಕೆ ಉಜ್ಜಿ ಹಿಂದಿನ ಉಗುರುಗಳು ಸವೆದಿದ್ದವು. ತೊಡೆಯ ಮಾಂಸ ಕರಗಿ, ಭಾರವೆಲ್ಲ ಮುಂಗಾಲುಗಳ ಮೇಲೆ ಬಿದ್ದಿತ್ತು. ಕಣ್ಣಿನ ನೀಲಿ ಮಬ್ಬಿಗೆ ಮಾತ್ರ ಹೆದರಿದೆ. ವಯಸ್ಸಾದ ನಾಯಿಗಳಲ್ಲಿ ಅದು ಸಾಮಾನ್ಯ, ಅದರಿಂದಲೇ ಕುರುಡಾಗುವುದಿಲ್ಲ. ಕೀಲುಗಳ ನೋವನ್ನು ಗಮನಿಸಿ ಎಂದರು ಪಶುವೈದ್ಯರು. ನಾಯಿ ನರಳುವುದಿಲ್ಲವೆಂದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದು. ನೋವನ್ನು ಅಡಗಿಸಿಕೊಳ್ಳುವುದು ಅದರ ಹುಟ್ಟುಗುಣ.

ಆದರೂ ದಾವಣಗೆರೆಯ ಪ್ರದರ್ಶನವೊಂದಕ್ಕೆ ಕರೆದೊಯ್ದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಅದು ನಿಂತು ನನ್ನ ಮುಖ ನೋಡಿತು. ಹಗ್ಗವನ್ನು ಮೆಲ್ಲನೆ ಎಳೆದೆ, ಮತ್ತೆ ಓಡಿತು. ಬಹುಮಾನವೂ ಬಂತು. ಆ ಸಂಜೆ ಮನೆಯ ಮೆಟ್ಟಿಲು ಹತ್ತಲಾರದೆ ಅದು ಅಂಗಳದಲ್ಲೇ ಕುಳಿತುಬಿಟ್ಟಿತು. ಎತ್ತಿಕೊಂಡು ಒಳಗೆ ಹೋಗುವಾಗ, ಆ ಬಹುಮಾನ ಯಾರಿಗೆ ಬೇಕಾಗಿತ್ತೆಂಬ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿತ್ತು.

ಸೋಲು ಬರುವವರೆಗೆ ಕಾಯುವುದು ನಿವೃತ್ತಿಯ ಸರಿಯಾದ ಅಳತೆಯಲ್ಲ. ಮರುದಿನದ ಬೆಳಗ್ಗೆ ನಾಯಿ ಹೇಗೆ ಏಳುತ್ತದೆ, ಹಗ್ಗ ಕಂಡೊಡನೆ ಮುಂದೆ ಬರುತ್ತದೆಯೋ ಹಿಂಜರಿಯುತ್ತದೆಯೋ, ಇವುಗಳನ್ನು ಕೇಳಬೇಕು. ಹಾಗೆಂದು ಸ್ಪರ್ಧೆ ಬಿಡಿಸಿದ ನಾಯಿಯನ್ನು ಮೂಲೆಗೆ ಕಟ್ಟಿಹಾಕಬಾರದು. ನಡಿಗೆ ನಿಂತರೆ ಕೀಲುಗಳು ಇನ್ನಷ್ಟು ಬಿಗಿಯುತ್ತವೆ, ತೂಕ ಏರುತ್ತದೆ. ದೂರ ಕಡಿಮೆಯಾಗಲಿ, ದಿನಚರಿ ಉಳಿಯಲಿ.

ಆಮೇಲೂ ನಾವು ಹೊಳೆಯ ದಂಡೆಗೆ ಹೋಗುತ್ತಿದ್ದೆವು. ಎಲ್ಲಿಂದ ಹಿಂತಿರುಗಬೇಕೆಂಬುದನ್ನು ಅದೇ ತೀರ್ಮಾನಿಸುತ್ತಿತ್ತು. ನಾನು ಅದರ ಹಿಂದೆ ನಡೆಯುತ್ತಿದ್ದೆ.