ಗಣಿಕೆ ಗಿಡ: ಅದರ ಗುಣ ಮತ್ತು ದೋಷ

ಹಿಂದೊಮ್ಮೆ ಹಿಂಗಾರು ಮಳೆಯ ತರುವಾಯ ನಮ್ಮ ಶಾಲೆಯ ಗೋಡೆಯ ಬದಿಯಲ್ಲಿ ಹುಲುಸಾಗಿ ಬೆಳೆದಿದ್ದ ಗಿಡವೊಂದರ ಹಸುರು ಕಾಯಿಗಳನ್ನು ಕೆಳತರಗತಿಯ ಬಾಲಕನೊಬ್ಬನು ಹಿಡಿತುಂಬ ತಿಂದನು. ಸಂಜೆಯ ವೇಳೆಗೆ ಹೊಟ್ಟೆನೋವೂ ವಾಂತಿಯೂ ಕಾಣಿಸಿಕೊಂಡವು. ವೈದ್ಯರ ಉಪಚಾರದಿಂದ ಮರುದಿನ ಚೇತರಿಸಿಕೊಂಡನು. ಏಕೆ ತಿಂದೆಯೆಂದು ನಾವು ಕೇಳಿದಾಗ, "ಊರಿನಲ್ಲಿ ನಮ್ಮಜ್ಜಿ ಇದನ್ನೇ ಕಿತ್ತು ಕೊಡುತ್ತಿದ್ದಳು, ಸಾರ್" ಎಂದನು. ಅವನ ಮಾತು ಸುಳ್ಳಲ್ಲ. ಆದರೆ ಅಜ್ಜಿಯ ತಿಳಿವಳಿಕೆಯಲ್ಲಿ ಅರ್ಧ ಮಾತ್ರ ಅವನೊಡನೆ ಚೆನ್ನೈಗೆ ಬಂದಿತ್ತು. ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಆ ಗಿಡವೇ ಗಣಿಕೆ. ಸಂಸ್ಕೃತದಲ್ಲಿ ಇದು ಕಾಕಮಾಚಿ, ತಮಿಳಿನಲ್ಲಿ ಮಣತ್ತಕ್ಕಾಳಿ. ಸಸ್ಯಶಾಸ್ತ್ರಜ್ಞನಾದ ಲಿನೇಯಸನು 1753ರಲ್ಲಿ ಇದಕ್ಕೆ 'ಸೊಲಾನಮ್ ನೈಗ್ರಮ್' ಎಂದು ಹೆಸರಿಟ್ಟನು. ಬದನೆ, ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿಗಳು ಇದರ ಕುಟುಂಬಕ್ಕೆ ಸೇರಿದವು. ಹೂವು ಚಿಕ್ಕದು, ಬಿಳಿಯದು. ನಡುವೆ ಹಳದಿಯ ಕೇಸರಗಳು. ಕಾಯಿಗಳು ಬಟಾಣಿಗಿಂತ ಚಿಕ್ಕವಾಗಿ ಗೊಂಚಲಿನಲ್ಲಿ ತೂಗುತ್ತವೆ. ಮೊದಲು ಹಸುರಾಗಿದ್ದು, ಮಾಗಿದಾಗ ಕಪ್ಪಾಗುತ್ತವೆ.

ನಮ್ಮ ಬಾಲ್ಯದಲ್ಲಿ ತಾಯಂದಿರು ಹೊಲದ ಬದುವಿನಿಂದ ಇದರ ಸೊಪ್ಪನ್ನು ಮಡಿಲಲ್ಲಿ ತುಂಬಿ ತರುತ್ತಿದ್ದರು. ಅದರಿಂದ ಸಾರು, ಪಲ್ಯ, ತಂಬುಳಿಗಳಾಗುತ್ತಿದ್ದವು. ಬಾಯಿಹುಣ್ಣಾದವರಿಗೆ ಈ ಸೊಪ್ಪನ್ನು ಬೇಯಿಸಿ ಕೊಡುವ ರೂಢಿ ಇಂದಿಗೂ ಇದೆ. ಚೆನ್ನೈನ ಕಾಯಿಪಲ್ಲೆಯ ಅಂಗಡಿಗಳಲ್ಲಿಯೂ ಇದು ಕಟ್ಟುಗಟ್ಟಲೆ ಮಾರಾಟವಾಗುತ್ತದೆ. ಕಾಯಿಗಳನ್ನು ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಸಿ, ಬಿಸಿಲಿನಲ್ಲಿ ಒಣಗಿಸಿ, ಹುರಿದು ಕುೞಂಬಿಗೆ ಹಾಕುವರು. ಇದು ಬಲ್ಲವರು ಪರಿಚಿತ ಗಿಡದಿಂದ ಮಾಡಿ ಮಿತವಾಗಿ ಬಳಸುವ ವ್ಯಂಜನ. ಹಸಿಯ ಕಾಯನ್ನು ಹಿಡಿಗಟ್ಟಲೆ ತಿನ್ನಲು ಇದು ಅಪ್ಪಣೆಯಲ್ಲ.

ಏಕೆಂದರೆ ಹಸುರು ಕಾಯಿಗಳಲ್ಲಿ ಸೊಲನಿನ್ ಮುಂತಾದ ವಿಷವಸ್ತುಗಳಿವೆ. ಸೊಲನಿನ್ ಅನ್ನು 1820ರಲ್ಲಿ ಮೊದಲು ಬೇರ್ಪಡಿಸಿದ್ದೇ ಈ ಗಿಡದ ಕಾಯಿಗಳಿಂದ. ಹಸುರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆಯಲ್ಲಿಯೂ ಇದೇ ವಿಷವಿರುತ್ತದೆ. ಕಾಯಿ ಮಾಗಿದಂತೆ ವಿಷದ ಅಂಶ ಇಳಿಯುತ್ತದೆ. ಆದರೆ ಎಲ್ಲ ಗಿಡಗಳಲ್ಲಿಯೂ ಅದು ಒಂದೇ ಪ್ರಮಾಣದಲ್ಲಿರದು. ಹೆಚ್ಚು ತಿಂದವರಿಗೆ ವಾಂತಿ, ಭೇದಿ, ತಲೆನೋವು, ಮಂಪರು ಉಂಟಾಗಬಹುದು. ಕುದಿಸಿದ ಮಾತ್ರಕ್ಕೆ ಈ ವಿಷ ಪೂರ್ಣವಾಗಿ ನಾಶವಾಗುವುದಿಲ್ಲ. ಹಳಸಿದ ಕಾಕಮಾಚಿಯನ್ನು ಉಣ್ಣಬಾರದೆಂದು ಆಯುರ್ವೇದವೂ ನಿಷೇಧಿಸಿದೆ.

ಗಿಡವನ್ನು ತಪ್ಪಾಗಿ ಗುರುತಿಸುವುದು ಇನ್ನೊಂದು ಅಪಾಯ. ಉಮ್ಮತ್ತಿಯೂ ಇದೇ ಕುಟುಂಬದ್ದು, ಪಾಳುನೆಲದಲ್ಲಿ ಬೆಳೆಯುವಂಥದು. ಅದರ ಎಲೆ, ಬೀಜಗಳೆಲ್ಲವೂ ಘೋರ ವಿಷ. ಉದ್ದನೆಯ ಕಹಳೆಯಂಥ ಹೂವೂ ಮುಳ್ಳುಕಾಯಿಯೂ ಇದ್ದಾಗ ಅದನ್ನು ಗುರುತಿಸುವುದು ಸುಲಭ. ಎಳೆಯ ಸಸಿಯಾಗಿದ್ದಾಗ ಸುಲಭವಲ್ಲ. ಇದಲ್ಲದೆ ನಗರದ ಚರಂಡಿಯ ಅಂಚಿನಲ್ಲಿ ಬೆಳೆದ ಗಣಿಕೆ ಕೊಳಕನ್ನೂ ವಾಹನಗಳ ಹೊಗೆಯನ್ನೂ ಮೈಗೂಡಿಸಿಕೊಂಡಿರುತ್ತದೆ.

ಆದುದರಿಂದ ವಿದ್ಯಾರ್ಥಿಮಿತ್ರರೇ, ಬಲ್ಲ ಹಿರಿಯರು ಜೊತೆಯಲ್ಲಿಲ್ಲದಾಗ ಯಾವ ಕಾಡುಗಿಡವನ್ನೂ ಬಾಯಿಗಿಡಬೇಡಿರಿ. ತಿಂದವರಿಗೆ ತೊಂದರೆಯಾದರೆ ಮುಚ್ಚಿಡದೆ ಹಿರಿಯರಿಗೆ ತಿಳಿಸಿ, ಆ ಗಿಡದ ಒಂದು ರೆಂಬೆಯೊಡನೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯೊಡನೆ ಹೊಲದ ಬದುವಿನಲ್ಲಿ ನಡೆಯಿರಿ. ಏನನ್ನು ತಿನ್ನಬಹುದೆಂದು ಕೇಳಿದ ಮೇಲೆ, ಯಾವಾಗ ತಿನ್ನಬಾರದೆಂಬುದನ್ನೂ ಕೇಳಿ ತಿಳಿದು ಬನ್ನಿರಿ.